ಉಲ್ಮ್ ಚರ್ಚಿಗೆ ಹೋಗುವ ಮುಂಚೆ ಮೊಣಕಾಲು, ರೈಲು ಎರಡೂ ವಿಚಾರಿಸಿಕೊಳ್ಳಿ

ಜರ್ಮನಿಯ ಮ್ಯೂನಿಕ್‌ನಿಂದ ಉಲ್ಮ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ ಸಾಕು ಅಂತ ಶನಿವಾರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೊರಟೆ. ಹಳಿ ರಿಪೇರಿ ಅಂತ ಅರ್ಧ ದಾರಿಯಲ್ಲಿ ಎಲ್ಲರನ್ನೂ ಇಳಿಸಿ ಬಸ್ಸಿಗೆ ತುಂಬಿದರು. ಸೀಟಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. "ನಮ್ಮ ಮಾರ್ಕೆಟ್ ಬಸ್ಸೇ ವಾಸಿ ಕಣೋ, ಕಂಡಕ್ಟರ್ ಆದ್ರೂ ವಯಸ್ಸಾದವ್ರಿಗೆ ಜಾಗ ಮಾಡಿಸ್ತಾನೆ" ಅಂದರು ಅಮ್ಮ. ಹಿಂದಿನ ರಾತ್ರಿಯೇ ಬದಲಿ ಬಸ್ ಇದೆಯಾ ನೋಡಿಕೊಳ್ಳಿ. ನಾನು ನೋಡಿರಲಿಲ್ಲ.

161.5 ಮೀಟರ್ ಗೋಪುರ ಕಂಡಾಗ ಇದು ಕೆಥೆಡ್ರಲ್ಲೇ, ಅಂದರೆ ಬಿಷಪ್ಪರ ಚರ್ಚೇ ಅಂದುಕೊಂಡಿದ್ದೆ. ಅಲ್ಲ! ಬಿಷಪ್ಪರ ಪೀಠ ಇಲ್ಲಿ ಯಾವತ್ತೂ ಇರಲಿಲ್ಲ. ಊರಿನವರು ತಾವೇ ದುಡ್ಡು ಹಾಕಿ ಕಟ್ಟಿಕೊಂಡ ಪ್ಯಾರಿಷ್ ಚರ್ಚು, ಅಂದರೆ ಊರ ಚರ್ಚು ಇದು. ಹಳೇ ಚರ್ಚು ಕೋಟೆಯ ಹೊರಗಿತ್ತು. 1376ರಲ್ಲಿ ಊರಿಗೆ ಮುತ್ತಿಗೆ ಬಿದ್ದಾಗ ಪೂಜೆಗೆ ಹೋಗಲೂ ಆಗಲಿಲ್ಲ. ಮರುವರ್ಷವೇ ಒಳಗೆ ಅಡಿಗಲ್ಲು ಹಾಕಿದರು. 1543ರಲ್ಲಿ ನಿಂತ ಕೆಲಸ 1844ರಲ್ಲಿ ಮತ್ತೆ ಶುರುವಾಯಿತು. ಅಂದರೆ ಮುನ್ನೂರು ವರ್ಷ ಗೋಪುರ ಮೊಟಕಾಗಿಯೇ ನಿಂತಿತ್ತು. 1890ರಲ್ಲಿ ಮುಗಿದ ಮೇಲೆ, 2025ರಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಮೀರಿಸುವ ತನಕ ಜಗತ್ತಿನ ಅತಿ ಎತ್ತರದ ಚರ್ಚು ಇದೇ ಆಗಿತ್ತು.

ತುದಿಯವರೆಗೆ 768 ಮೆಟ್ಟಿಲು. ಸುರುಳಿ ಮೆಟ್ಟಿಲು ಕಿರಿದು, ತಲೆ ತಿರುಗುತ್ತದೆ. ಎಲ್ಲಿಯವರೆಗೆ ಬಿಡುತ್ತಾರೆ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳಿ. ನನಗೆ ಮೇಲಿನ ನೋಟಕ್ಕಿಂತ ಅಮ್ಮ ಕೆಳಗೆ ಕೂತು ನೋಡಿದ್ದೇ ಇಷ್ಟವಾಯಿತು. ಅವರ ಮುಂದಿದ್ದದ್ದು ಪಾದ್ರಿಗಳು ಕೂರಲೆಂದು ಮಾಡಿದ ಓಕ್ ಮರದ ಆಸನಗಳು. 1469ರಿಂದ 1474ರ ನಡುವೆ ಮರಗೆತ್ತನೆಯ ಯೋರ್ಗ್ ಸಿರ್ಲಿನ್ ಮಾಡಿದ್ದು. ಅದರಲ್ಲಿ ಕೆತ್ತಿರುವುದು ಕ್ರಿಸ್ತನಿಗೂ ಮುಂಚಿನ ಗ್ರೀಕ್ ಗಣಿತಜ್ಞ ಪೈಥಾಗೊರಸ್, ರೋಮಿನ ವಾಗ್ಮಿ ಸಿಸೆರೊ ಮುಖಗಳು, ಅದೂ ಚರ್ಚಿನೊಳಗೆ! ಪಕ್ಕದ ಅಂಕಣಗಳ ಸಣಕಲು ಕಂಬಗಳನ್ನೂ ಗಮನಿಸಿ. ಚಾವಣಿಯ ಭಾರ ತಡೆಯದು ಅನ್ನಿಸಿ ಆಮೇಲೆ ನಿಲ್ಲಿಸಿದವು ಅವು.

ಬುಧವಾರ, ಶನಿವಾರ ಬೆಳಿಗ್ಗೆ ಚರ್ಚಿನ ಮುಂದೆ ಸಂತೆ. ನನಗೆ ಗದ್ದಲ ಆಗುವುದಿಲ್ಲ. ಅಮ್ಮನಿಗೆ ಮಾತ್ರ ಸಂತೆಯೇ ಖುಷಿ, ಸುಮ್ನೆ ಮೂಲಂಗಿ ರೇಟು ಕೇಳುತ್ತಾ ನಿಂತಿದ್ದರು.

ಊಟಕ್ಕೆ ಹೊಳೆ ಪಕ್ಕದ ಬೆಸ್ತರ ಕೇರಿಯ ಅಂದದ ಹೋಟೆಲುಗಳಿಗೆ ಹೋಗಬೇಡಿ, ರೇಟು ಜಾಸ್ತಿ. ಹಿಂದಿನ ಓಣಿಯಲ್ಲಿ ನಾಲ್ಕೇ ಟೇಬಲ್ಲಿನ ಒಂದು ಅಂಗಡಿ ಸಿಕ್ಕಿತು. ಅಲ್ಲಿ ಕೇಸ್‌ಶ್ಪೆಟ್ಸ್ಲೆ ತಿಂದೆವು. ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ ಬಿಡುತ್ತಾರೆ, ಥೇಟ್ ನಮ್ಮ ಶ್ಯಾವಿಗೆ ಒರಳಿನ ಕೆಲಸ. ಮೇಲೆ ಕರಗಿದ ಚೀಸು, ಕೆಂಪಗೆ ಹುರಿದ ಈರುಳ್ಳಿ. ಒಂದು ತಟ್ಟೆ ಇಬ್ಬರಿಗೆ ಸಾಕಾಯಿತು. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ನೋಡಿಕೊಳ್ಳಿ. ಕಾರ್ಡ್ ತಗೊಳ್ಳಲ್ಲ, ಚಿಲ್ಲರೆ ಇಟ್ಟುಕೊಂಡೇ ಹೋಗಿ.