ಶಿವಮೊಗ್ಗ–ತಿರುಪತಿ: ಒಂದು ಗಂಟೆಯ ವಿಮಾನ, ಒಂಬತ್ತು ಗಂಟೆಯ ಪ್ರಯಾಣ

ಭೂಪಟದಲ್ಲಿ ಸ್ಕೇಲ್ ಇಟ್ಟು ನೋಡಿ. ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಿಂದ ತಿರುಪತಿಯ ನಿಲ್ದಾಣ ಇರುವ ರೇಣಿಗುಂಟಕ್ಕೆ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಗೆರೆ ಬರುತ್ತದೆ. ಸುಮಾರು 425 ಕಿ.ಮೀ. ಬೆಂಗಳೂರು ಮೇಲೆ ರಸ್ತೆಯಲ್ಲಿ ಹೋದರೆ 550 ದಾಟುತ್ತದೆ. ಅಮ್ಮನ ಮಂಡಿನೋವಿಗೆ ರಾತ್ರಿ ಬಸ್ಸು ಬೇಡ ಎಂದು ವಿಮಾನ ಹಿಡಿದೆವು. ಟಿಕೆಟ್ ಮೇಲೆ 1 ಗಂಟೆ 5 ನಿಮಿಷ ಅಂತಿತ್ತು. ಮಧ್ಯಾಹ್ನ ಹತ್ತಿ ಸಂಜೆ ಕಾಫಿ ತಿರುಮಲದಲ್ಲಿ ಅಂದುಕೊಂಡಿದ್ದೆ. ಪೆದ್ದುತನ.

ಸಾಗರದ ಮನೆಯಿಂದ ಬೆಳಗ್ಗೆ ಒಂಬತ್ತೂವರೆಗೆ ಹೊರಟೆವು. ಸೋಗಾನೆ ತಲುಪಿದಾಗ ಹನ್ನೆರಡು. ವಿಮಾನ ಎರಡಕ್ಕೆ. ಎರಡೆರಡು ಸೀಟಿನ ಚಿಕ್ಕ ಜೆಟ್, ನಡುವಿನ ಸೀಟಿನ ಕಾಟ ಇಲ್ಲ. ಆ 65 ನಿಮಿಷದಲ್ಲೂ ನೆಲದ ಮೇಲೆ ತೆವಳುವ ಹೊತ್ತು ಸೇರಿದೆ. ನಿಜವಾಗಿ ಹಾರಿದ್ದು ಐವತ್ತು ನಿಮಿಷವೂ ಇಲ್ಲ. ನೀರಿನ ಬಾಟಲಿ ಮುಗಿಯುವಷ್ಟರಲ್ಲಿ ಇಳಿದಾಯ್ತು.

ಆಮೇಲೆ ಶುರುವಾಯ್ತು ನೋಡಿ. ರೇಣಿಗುಂಟದಿಂದ ತಿರುಪತಿ ಊರಿಗೇ ಸುಮಾರು 15 ಕಿ.ಮೀ., ಅಲ್ಲಿಂದ ಬೆಟ್ಟ ಬೇರೆ. ಹೊರಗೆ ಬಂದ ಕೂಡಲೇ ಒಬ್ಬ ಟ್ಯಾಕ್ಸಿಯವನು "ಕೊಂಡಕ್ಕೆ 2,000" ಅಂದ. ಕೊಂಡ ಅಂದರೆ ತಿರುಮಲದ ಬೆಟ್ಟ. ಚೌಕಾಸಿ ಮಾಡಿ 1,600ಕ್ಕೆ ಒಪ್ಪಿಸಿದೆ, ಜಾಣ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬೆಟ್ಟದ ಬುಡದ ಅಲಿಪಿರಿ ತಪಾಸಣೆ ಹತ್ತಿರ ಗಾಡಿ ನಿಲ್ಲಿಸಿ, "ಇಲ್ಲಿವರೆಗೆ ಅಷ್ಟು, ಮೇಲಕ್ಕೆ ಬೇರೆ" ಅಂದ! ಅವನ ತೆಲುಗಿಗೆ ನನ್ನ ಹರಕು ತೆಲುಗು ಸಾಲಲಿಲ್ಲ. ಅರ್ಧ ಗಂಟೆ ಜಗಳ ಮಾಡಿ, ದುಡ್ಡು ಕೊಟ್ಟು ಇಳಿದು, ಸರ್ಕಾರಿ ಬಸ್ಸು ಹತ್ತಿದೆವು. ನೀವು ಹೋಗುವುದಾದರೆ "ತಿರುಮಲದ ಮೇಲಕ್ಕೆ, ಎಲ್ಲ ಸೇರಿ" ಅಂತ ಗಾಡಿ ಹತ್ತುವ ಮುಂಚೆಯೇ ಮಾತಾಡಿ. ಅದಕ್ಕಿಂತ ಊರಿನ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದಲೇ ಬೆಟ್ಟದ ಬಸ್ಸು ಹತ್ತುವುದು ವಾಸಿ. ಜನ ಜಾಸ್ತಿ ಇರುತ್ತಾರೆ, ನನಗೇನೂ ತೊಂದರೆ ಅನ್ನಿಸಲಿಲ್ಲ. ಅಮ್ಮನಿಗೆ ಯಾರೋ ಸೀಟು ಬಿಟ್ಟುಕೊಟ್ಟರು.

ರೂಮಿಗೆ ಕಾಲಿಟ್ಟಾಗ ಆರೂವರೆ. ಲೆಕ್ಕ ಹಾಕಿ, ಒಂಬತ್ತು ಗಂಟೆ.

ದರ್ಶನದ ದಿನದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಕೆಳಗಿಳಿದ ಬೆಳಗ್ಗೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ತಿಂದ ಪೆಸರಟ್ಟು ಮಾತ್ರ ಮರೆಯಲಾಗದು. ಬೋರ್ಡಿಲ್ಲ, ಒಬ್ಬ ಅಜ್ಜಿ, ಒಂದು ಕಾವಲಿ, ಎರಡು ಬೆಂಚು. ಹೆಸರುಕಾಳಿನ ಹಸಿರು ದೋಸೆಯ ಮೇಲೆ ಈರುಳ್ಳಿ, ಹಸಿಮೆಣಸು, ಒಳಗೆ ಬಿಸಿ ಉಪ್ಪಿಟ್ಟು, ಪಕ್ಕದಲ್ಲಿ ಬೆಲ್ಲ ಹಾಕಿದ ಶುಂಠಿ ಚಟ್ನಿ. ಅಂಚು ಗರಿಗರಿ, ನಡುವೆ ಮೆತ್ತಗೆ. 50 ರೂಪಾಯಿ. "ದೋಸೆಯೊಳಗೆ ಉಪ್ಪಿಟ್ಟಾ?" ಅಂತ ಮೂಗು ಮುರಿದ ಅಮ್ಮ ಎರಡನೆಯದನ್ನೂ ತರಿಸಿಕೊಂಡರು. ಚಟ್ನಿ ಮೂರು ಸಲ ಹಾಕಿಸಿಕೊಂಡರು, ಆ ಅಜ್ಜಿ ಒಂದು ಮಾತೂ ಆಡಲಿಲ್ಲ.

ಇನ್ನೊಂದು ಮಾತು. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತಬಹುದು ಅಂತ ಅದನ್ನು ವಿಮಾನಕ್ಕೆ ಬಿಡುವುದಿಲ್ಲ. ಅಮ್ಮನ ಹರಕೆಯ ಕೊಬ್ಬರಿ ಸೋಗಾನೆಯಲ್ಲೇ ಉಳಿಯಿತು. ಚಿಕ್ಕ ಊರುಗಳ ವಿಮಾನ ದಿನಾ ಇರುವುದಿಲ್ಲ, ದಿನ, ಸಮಯ ಬದಲಾಗುವುದೂ ಉಂಟು. 300 ರೂಪಾಯಿಯ ದರ್ಶನದ ಟಿಕೆಟನ್ನು ಇಳಿದ ದಿನಕ್ಕೇ ಇಟ್ಟುಕೊಳ್ಳಬೇಡಿ, ಮರುದಿನಕ್ಕೆ ಇಡಿ. ಶಿವಮೊಗ್ಗ ಊರಲ್ಲೇ ಇರುವವರಿಗೆ ಈ ವಿಮಾನ ಲಾಭವೇ. ಸಾಗರ, ಸೊರಬದ ಕಡೆಯವರಾದರೆ, ಮಂಡಿನೋವು ಇಲ್ಲದಿದ್ದರೆ, ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗಿ. ನಾವು ವಾಪಸ್ ಬಂದದ್ದೂ ಹಾಗೆಯೇ. ಅಮ್ಮನೇ ಹೇಳಿದ್ದು.