ಕೊಹಿಮಾ, ಖೊನೊಮಾ ಮತ್ತು ಊರ ಹಿರಿಯರ ನ್ಯಾಯ

ದಿಮಾಪುರದಲ್ಲಿ ರೈಲಿಳಿದು ಶೇರ್ ಟ್ಯಾಕ್ಸಿ ಹತ್ತಿದೆ. ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಘಾಟಿ ರಸ್ತೆ. ಪಕ್ಕದಲ್ಲಿ ಕೂತವರು ಕೊಹಿಮಾದ ವಕೀಲರು. ಅವರ ಪರಿಚಯದ ಒಂದು ಮನೆಯವರಿಗೆ ಗದ್ದೆಯ ಗಡಿ ತಕರಾರು ಇತ್ತು. ಆದರೆ ಅದರಲ್ಲಿ ಇವರಿಗೆ ಕೆಲಸವೇ ಇಲ್ಲ. "ಅದು ಊರ ಕೌನ್ಸಿಲ್ ಮುಂದಿದೆ, ಅಲ್ಲಿ ವಕೀಲರು ವಾದ ಮಾಡುವ ಹಾಗಿಲ್ಲ" ಎಂದರು. ಬೇಸರವೇನೂ ಇರಲಿಲ್ಲ ಅವರಿಗೆ. ತಮ್ಮ ಸ್ವಂತ ಜಮೀನಿನ ವಿಷಯ ಬಂದರೂ ಮೊದಲು ಅಲ್ಲಿಗೇ ಹೋಗುತ್ತಾರಂತೆ.

ಇದು ಕದ್ದುಮುಚ್ಚಿ ನಡೆಯುವ ಪಂಚಾಯ್ತಿ ಅಲ್ಲ. 1962ರಲ್ಲಿ ಸಂವಿಧಾನಕ್ಕೆ ಸೇರಿದ 371ಎ ವಿಧಿಯೇ ಇದನ್ನು ಕಾಯುತ್ತದೆ. ನಾಗಾಗಳ ಧಾರ್ಮಿಕ, ಸಾಮಾಜಿಕ ಆಚರಣೆ, ಅವರ ರೂಢಿ ಕಾನೂನು, ಅದರ ಪ್ರಕಾರ ನಡೆಯುವ ಸಿವಿಲ್ ಮತ್ತು ಕ್ರಿಮಿನಲ್ ನ್ಯಾಯ, ಜೊತೆಗೆ ಭೂಮಿಯ ಒಡೆತನ, ಇವುಗಳ ಬಗ್ಗೆ ಸಂಸತ್ತು ಮಾಡಿದ ಕಾನೂನು ರಾಜ್ಯದ ವಿಧಾನಸಭೆ ಒಪ್ಪಿ ನಿರ್ಣಯ ಮಾಡುವ ತನಕ ನಾಗಾಲ್ಯಾಂಡಿಗೆ ಬರುವುದಿಲ್ಲ. 1978ರ ಗ್ರಾಮ ಕೌನ್ಸಿಲ್ ಕಾಯ್ದೆ ಊರಿನ ಒಳಗೆ ರೂಢಿ ಪ್ರಕಾರ ನ್ಯಾಯ ಹೇಳುವ ಅಧಿಕಾರವನ್ನು ಬರಹದಲ್ಲೇ ಕೊಟ್ಟಿದೆ.

ಊರ ತೀರ್ಪು ಒಪ್ಪಿಗೆಯಾಗದಿದ್ದರೆ ಜಿಲ್ಲಾಡಳಿತದ ಕಚೇರಿಯಲ್ಲಿ ಕೂರುವ ದೊಬಾಶಿಗಳ ಮುಂದೆ ಹೋಗಬಹುದು. ಇವರು ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳ ಮಾತನ್ನು ಊರಿನವರಿಗೆ, ಊರಿನವರ ಮಾತನ್ನು ಅಧಿಕಾರಿಗಳಿಗೆ ಹೇಳುತ್ತಿದ್ದವರು. ಈಗ ರೂಢಿ ಬಲ್ಲ ನ್ಯಾಯಗಾರರು, ಸಂಬಳ ಸರ್ಕಾರದ್ದು. ಅದೇ ಕೊಹಿಮಾದಲ್ಲಿ ಗುವಾಹಟಿ ಹೈಕೋರ್ಟಿನ ಪೀಠವೂ ಇದೆ. ಕೊಲೆಯಂಥ ದೊಡ್ಡ ಅಪರಾಧಗಳು ಪೊಲೀಸ್ ಠಾಣೆ, ಸೆಷನ್ಸ್ ಕೋರ್ಟಿನ ದಾರಿ ಹಿಡಿಯುತ್ತವೆ.

ಕೊಹಿಮಾದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಖೊನೊಮಾಕ್ಕೆ ಹೋದ ಮೇಲೆ ಇದೆಲ್ಲ ಸರಿಯಾಗಿ ಅರ್ಥವಾಯಿತು. ನಾಗಾ ಬುಡಕಟ್ಟುಗಳಲ್ಲಿ ಒಂದಾದ ಅಂಗಾಮಿಗಳ ಊರು ಇದು. 1879ರಲ್ಲಿ ಬ್ರಿಟಿಷರ ಸೈನ್ಯವನ್ನು ಎದುರಿಸಿ ತಿಂಗಳುಗಟ್ಟಲೆ ನಿಂತ ಊರು. ಕಲ್ಲಿನ ಹೆಬ್ಬಾಗಿಲು ದಾಟಿದರೆ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. 1998ರಲ್ಲಿ ಇವರೇ ತಮ್ಮ ಕಾಡನ್ನು ಅಭಯಾರಣ್ಯ ಮಾಡಿಕೊಂಡು ಬೇಟೆ ನಿಲ್ಲಿಸಿದರು. ಬೇಟೆ ಅಂದ್ರೆ ಪ್ರಾಣ ಬಿಡುವ ಜನ, ಅಲ್ವಾ? ಆದರೂ ನಿಂತಿತು. ಆ ಮಾತು ಊರ ಕೌನ್ಸಿಲ್‌ನಿಂದ ಬಂದಿತ್ತು, ದಂಡ ಹಾಕುವವರು ತಮ್ಮವರೇ ಆಗಿದ್ದರು.

ನಾನಿದ್ದ ಹೋಂಸ್ಟೇ ಮನೆಯ ಅಜ್ಜ ಹಿಂದೆ ಕೌನ್ಸಿಲ್‌ನಲ್ಲಿದ್ದವರು. ರಾತ್ರಿ ಒಲೆ ಮುಂದೆ ಕೂತು ಆಣೆಯ ಬಗ್ಗೆ ಹೇಳಿದರು. ಜಮೀನಿಗೆ ಕಾಗದ ಇಲ್ಲ, ಸಾಕ್ಷಿ ಸತ್ತು ಹೋಗಿದ್ದಾರೆ, ಎರಡೂ ಕಡೆಯವರು ಹಟ ಬಿಡುವುದಿಲ್ಲ, ಅಂಥ ಹೊತ್ತಲ್ಲಿ ಕೊನೆಗೆ ಉಳಿಯುವುದು ಆಣೆ. ಸುಳ್ಳಾಣೆ ಮಾಡಿದರೆ ಮಾಡಿದವನ ಮನೆಗೆ, ಅವನ ಕುಲಕ್ಕೆ ಕೇಡು ಎಂಬ ನಂಬಿಕೆ. ಹಾಗಾಗಿ ಒಬ್ಬನೇ ಸುಮ್ನೆ ಹೋಗಿ ಆಣೆ ಮಾಡಲು ಆಗುವುದಿಲ್ಲ, ಕುಲದವರು ಕೂತು ಮಾತಾಡಬೇಕು, "ನಿನ್ನ ಒಂದು ತುಂಡು ಗದ್ದೆಗೆ ನಮ್ಮ ಮಕ್ಕಳನ್ನು ಯಾಕೆ ಅಡ ಇಡ್ತೀಯ" ಎಂದು ಕೇಳುತ್ತಾರೆ, ಅಷ್ಟರಲ್ಲಿ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಊರೆಲ್ಲ ಚರ್ಚಿಗೆ ಹೋಗುವ ಈ ಕಾಲದಲ್ಲೂ ಆ ಭಯ ಹೋಗಿಲ್ಲ ಎಂದರು.

ಇದನ್ನು ಮೂಢನಂಬಿಕೆ ಎಂದು ತಳ್ಳಿ ಹಾಕಲು ನನಗೆ ಮನಸ್ಸಿಲ್ಲ. ಗೆದ್ದವನೂ ಸೋತವನೂ ನಾಳೆ ಅದೇ ಕಾಲುವೆಯ ನೀರನ್ನು ಹಂಚಿಕೊಳ್ಳಬೇಕು. ವರ್ಷಗಟ್ಟಲೆ ಕೋರ್ಟಿಗೆ ಅಲೆದು ಬರುವ ತೀರ್ಪು ಆ ನೀರನ್ನು ಹಂಚಿ ಕೊಡುವುದಿಲ್ಲ.

ಆದರೆ ಕೌನ್ಸಿಲ್‌ನಲ್ಲಿ ಹೆಂಗಸರು ಎಷ್ಟು ಜನ ಎಂದು ಕೇಳಿದಾಗ ಅಜ್ಜ ಒಲೆಗೆ ಕಟ್ಟಿಗೆ ದೂಡಿದರು. ಉತ್ತರ ಕೊಟ್ಟಿದ್ದು ಅವರ ಸೊಸೆ. "ನಾವು ಅಡುಗೆ ಮಾಡಿ ಕಳಿಸ್ತೇವೆ." ಪಿತ್ರಾರ್ಜಿತ ಭೂಮಿ ಸಾಮಾನ್ಯವಾಗಿ ಗಂಡುಮಕ್ಕಳಿಗೇ ಹೋಗುತ್ತದೆ. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವರೂ ಗಂಡಸರೇ. ಇಲ್ಲಿ ನನಗೆ ರೂಢಿಯ ಮೇಲಿನ ಗೌರವ ತಡೆದು ನಿಲ್ಲುತ್ತದೆ. ನಗರಸಭೆಗಳಲ್ಲಿ ಮಹಿಳೆಯರಿಗೆ 33 ಶೇಕಡಾ ಮೀಸಲಾತಿ ಕೊಡಬಾರದು, ಅದು 371ಎಗೆ ವಿರುದ್ಧ ಎಂದು 2017ರಲ್ಲಿ ದೊಡ್ಡ ಗಲಾಟೆಯಾಯಿತು, ದಿಮಾಪುರದಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಯುವಕರು ಸತ್ತರು, ಕೊಹಿಮಾದಲ್ಲಿ ನಗರಸಭೆ ಕಟ್ಟಡಕ್ಕೆ ಬೆಂಕಿ ಬಿತ್ತು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, ಕೊನೆಗೆ ಆ ಮೀಸಲಾತಿಯೊಂದಿಗೆ ಚುನಾವಣೆ ನಡೆದಿದ್ದು 2024ರ ಜೂನ್‌ನಲ್ಲಿ. ಅದಕ್ಕೂ ಮೊದಲಿನ ಚುನಾವಣೆ 2004ರದ್ದು.

ಸೊಸೆಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೌನ್ಸಿಲ್ ಬೇಡ ಎಂದು ಅವರೂ ಹೇಳಲಿಲ್ಲ. ಕೊಹಿಮಾದ ಕೋರ್ಟೂ ಇರಬೇಕು, ಊರ ಕೌನ್ಸಿಲ್‌ನಲ್ಲಿ ತಮಗೂ ಒಂದು ಜಾಗ ಬೇಕು ಎಂದರು, ಮಾವನ ಎದುರಿಗೇ.