ಕಾತರೀನಾಳ ಊರು ಪ್ವೆಬ್ಲಾ

ಮೆಕ್ಸಿಕೋ ಸಿಟಿಯ ಪೂರ್ವ ದಿಕ್ಕಿನ ಬಸ್ ನಿಲ್ದಾಣದಿಂದ ಪ್ವೆಬ್ಲಾ ನಗರಕ್ಕೆ ಸುಮಾರು ಎರಡು ಗಂಟೆಯ ದಾರಿ. ಹೋಗುವಾಗ ಬಲಬದಿಯ ಕಿಟಕಿ ಸಿಕ್ಕರೆ, ಮೋಡವಿಲ್ಲದ ಬೆಳಿಗ್ಗೆ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿ ತೆಳ್ಳನೆಯ ಹೊಗೆಯೊಂದಿಗೆ ಬಹಳ ಹೊತ್ತು ಜೊತೆಗಿರುತ್ತದೆ. ಪ್ರವಾಸ ಸಂಸ್ಥೆಗಳು ಪ್ವೆಬ್ಲಾವನ್ನೂ ಪಕ್ಕದ ಚೊಲೂಲಾವನ್ನೂ ಒಂದೇ ಹಗಲಿನಲ್ಲಿ ತೋರಿಸಿ ಸಂಜೆಗೆ ರಾಜಧಾನಿಗೆ ಮರಳಿ ತಂದುಬಿಡುತ್ತವೆ. ನಾನೂ ನನ್ನ ಹೆಂಡತಿಯೂ ಆ ಆತುರ ಬೇಡವೆಂದು, ಹಳೆಯ ಪೇಟೆಯೊಳಗೇ ಕೋಣೆ ಹಿಡಿದು ಐದು ದಿನ ಉಳಿದೆವು.

ಸ್ಪೇನಿನವರು 1531ರಲ್ಲಿ ಸ್ಥಾಪಿಸಿದ ಈ ಊರಿನ ಬೀದಿಗಳು ಗೆರೆ ಎಳೆದಂತೆ ನೇರವಾಗಿವೆ, ಮತ್ತು ಅವುಗಳಿಗೆ ಹೆಸರಿಗಿಂತ ಸಂಖ್ಯೆಯೇ ಹೆಚ್ಚು. ಪೂರ್ವ-ಪಶ್ಚಿಮವಾಗಿ ಸಾಗುವ ರಸ್ತೆಗಳಲ್ಲಿ ಉತ್ತರ ಭಾಗದವಕ್ಕೆ ಸರಿಸಂಖ್ಯೆ, ದಕ್ಷಿಣ ಭಾಗದವಕ್ಕೆ ಬೆಸಸಂಖ್ಯೆ. ಮೊದಲ ದಿನ ನಾಲ್ಕನೇ ಬೀದಿ ದಾಟಿದರೆ ಐದನೆಯದು ಸಿಗುತ್ತದೆಂದು ನಂಬಿ ತುಂಬಾ ದೂರ ನಡೆದುಬಿಟ್ಟೆವು. ಲೆಕ್ಕ ತಿಳಿದ ಮೇಲೆ ನಕ್ಷೆಯನ್ನು ಕೈಗೆತ್ತಿಕೊಳ್ಳುವ ಅಗತ್ಯವೇ ಬರಲಿಲ್ಲ. ಊರು ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಬಿಸಿಲು ತಣ್ಣಗಿದ್ದಂತೆ ಕಂಡರೂ ಚರ್ಮವನ್ನು ಸುಡುತ್ತದೆ, ಟೋಪಿಯಿಲ್ಲದೆ ಹೊರಡಬಾರದು. ಮನೆಗಳ ಮುಂಗೋಡೆಗಳ ತುಂಬ ತಲವೇರಾ ಹೆಂಚುಬಿಲ್ಲೆಗಳು, ಹೆಚ್ಚಾಗಿ ನೀಲಿ ಮತ್ತು ಬಿಳಿಯವು.

ಸಸ್ಯಾಹಾರಿಗಳಾದ ನಮಗೆ ಊಟದ ವಿಷಯದಲ್ಲಿ ಎಚ್ಚರ ಬೇಕಾಯಿತು. ಮಾಂಸವಿಲ್ಲ ಎಂದು ಕೇಳಿ ತರಿಸಿಕೊಂಡ ಬೀನ್ಸ್ ಕಾಳಿನ ಪಲ್ಯದಲ್ಲಿ ಹಂದಿಯ ಕೊಬ್ಬು ಇರಬಹುದು. ಊರಿನ ಹೆಮ್ಮೆಯಾದ ಮೋಲೆ ಎಂಬ ಗಟ್ಟಿ ಗೊಜ್ಜನ್ನು ಸಾಮಾನ್ಯವಾಗಿ ಕೋಳಿಯ ಸಾರಿನಲ್ಲಿ ತಿಳಿಮಾಡುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಕಾಲ್ದೊ, ಸಿನ್ ಮಾಂತೇಕಾ’ — ಮಾಂಸ, ಕೋಳಿ, ಅದರ ಸಾರು, ಕೊಬ್ಬು ಯಾವುದೂ ಬೇಡ — ಎಂಬ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡಿಕೊಂಡೆವು. ಮಾರುಕಟ್ಟೆಯಲ್ಲಿ ಕುಂಬಳದ ಹೂವನ್ನೂ ಚೀಸನ್ನೂ ತುಂಬಿ ಕಾವಲಿಯ ಮೇಲೆ ಬೇಯಿಸುವ ಮೆಕ್ಕೆಜೋಳದ ರೊಟ್ಟಿ ನಮ್ಮ ನಿತ್ಯದ ಊಟವಾಯಿತು. ಮೂರನೆಯ ದಿನ ಒಂದು ಸಣ್ಣ ಖಾನಾವಳಿಯ ಒಡತಿ, ನಮ್ಮ ಹರಕು ಸ್ಪ್ಯಾನಿಷನ್ನು ಸಹನೆಯಿಂದ ಕೇಳಿ, ಇನ್ನೂ ಸಾರು ಬೆರೆಸದ ಮೋಲೆಯ ಮುದ್ದೆಯನ್ನು ಬಿಸಿನೀರಿನಲ್ಲಿ ಕದಡಿ ಕೊಟ್ಟರು. ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಲವಂಗ, ದಾಲ್ಚಿನ್ನಿ, ಕೊನೆಗೆ ಚಾಕೊಲೇಟು. ನಾಲಿಗೆಗೆ ಮೊದಲು ಬಂದದ್ದು ಹುರಿದ ಎಳ್ಳಿನ ಪರಿಚಿತ ರುಚಿ. ನಾವು ನಮ್ಮದೇ ಎಂದುಕೊಂಡಿರುವ ಮೆಣಸಿನಕಾಯಿ ಈ ನೆಲದಿಂದ ಪೋರ್ಚುಗೀಸರ ಮೂಲಕ ನಮಗೆ ಬಂದದ್ದು. ಲವಂಗ, ದಾಲ್ಚಿನ್ನಿಗಳು ಏಷ್ಯಾದಿಂದ ಇಲ್ಲಿಗೆ ಬಂದವು.

ಪಾಲಫೋಕ್ಸಿಯಾನಾ ಗ್ರಂಥಾಲಯಕ್ಕೆ ನಾವು ಸೋಮವಾರ ಹೋದೆವು. ಅಂದು ಅದಕ್ಕೆ ರಜೆ. ಮರುದಿನ ಮತ್ತೆ ಹೋದದ್ದಕ್ಕೆ ಫಲ ಸಿಕ್ಕಿತು. ಬಿಷಪ್ ಹ್ವಾನ್ ದೆ ಪಾಲಫೋಕ್ಸ್ 1646ರಲ್ಲಿ ತಮ್ಮ ಐದು ಸಾವಿರ ಪುಸ್ತಕಗಳನ್ನು ದಾನ ಮಾಡಿ, ಓದಬಲ್ಲ ಯಾರಿಗಾದರೂ ಅವು ತೆರೆದಿರಬೇಕೆಂದು ವಿಧಿಸಿದರು. ಇಂದು ಮೂರು ಅಂತಸ್ತಿನ ಮರದ ಕಪಾಟುಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸಂಪುಟಗಳಿವೆ. ಅಲ್ಲಿ ಒಂದು ಗಂಟೆ ಸುಮ್ಮನೆ ಕುಳಿತಿದ್ದೆವು. ಸಾಂತೊ ದೊಮಿಂಗೊ ಚರ್ಚಿನ, ಚಿನ್ನದ ರೇಕು ಹೊದಿಸಿದ ರೊಸಾರಿಯೊ ಪ್ರಾರ್ಥನಾ ಮಂದಿರ ಹೆಚ್ಚು ಪ್ರಸಿದ್ಧ. ಅದರ ವೈಭವವನ್ನು ಮೆಚ್ಚಿದೆ, ಆದರೆ ನನ್ನ ಮನಸ್ಸು ಪುಸ್ತಕಗಳ ಬಳಿಯೇ ಉಳಿದಿತ್ತು.

ನಾವು ಈ ಊರಿಗೆ ಬಂದದ್ದು ಮುಖ್ಯವಾಗಿ ಒಬ್ಬ ಭಾರತೀಯ ಹೆಣ್ಣುಮಗಳಿಗಾಗಿ. ಮೊಗಲರ ನಾಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕಡಲ್ಗಳ್ಳರ ಕೈಗೆ ಸಿಕ್ಕಿ, ಕೊಚ್ಚಿಯಲ್ಲಿ ಕಾತರೀನಾ ದೆ ಸಾನ್ ಹ್ವಾನ್ ಎಂಬ ಹೆಸರು ಪಡೆದು, ಮನಿಲಾದಲ್ಲಿ ಗುಲಾಮಳಾಗಿ ಮಾರಾಟವಾಗಿ, ಶಾಂತಸಾಗರ ದಾಟಿ ಬಂದು ಪ್ವೆಬ್ಲಾದ ಮನೆಯೊಂದರ ಸೇವಕಿಯಾದವಳು ಅವಳು ಎಂದು ಅವಳ ಕಾಲದ ಪಾದ್ರಿಗಳು ಬರೆದಿಟ್ಟಿದ್ದಾರೆ. ಏಷ್ಯಾದಿಂದ ಬಂದ ಗುಲಾಮರನ್ನೆಲ್ಲ ಆಗ ‘ಚೀನೋ’ ಎನ್ನುತ್ತಿದ್ದರು. 1688ರಲ್ಲಿ ತೀರಿಕೊಂಡಾಗ ಜನ ಅವಳನ್ನು ಸಂತಳೆಂದೇ ಕಂಡರು. ಆದರೆ ಯೇಸು ಸಭೆಯ ಆಲೊನ್ಸೊ ರಾಮೋಸ್ ಬರೆದ ಅವಳ ಜೀವನಚರಿತ್ರೆಯನ್ನು ಕ್ಯಾಥೊಲಿಕ್ ಮತವಿಚಾರಣಾ ಮಂಡಳಿ (ಇನ್‌ಕ್ವಿಸಿಷನ್) ನಿಷೇಧಿಸಿತು. ಅಂಗಡಿಗಳಲ್ಲಿ ಮಾರುವ, ಮಿಂಚುಬಿಲ್ಲೆಗಳ ‘ಚೀನಾ ಪೊಬ್ಲಾನಾ’ (ಪ್ವೆಬ್ಲಾದ ‘ಚೀನೋ’ ಹೆಣ್ಣು) ಲಂಗವನ್ನು ಅವಳೇ ತಂದಳೆಂಬುದು ನಂತರದ ಕಥೆ. ಅವಳು ಬಾಳಿದ್ದು ಸರಳ ಉಡುಗೆಯಲ್ಲಿ.

ಅವಳ ಸಮಾಧಿ ಲಾ ಕೊಂಪಾನ್ಯಿಯಾ ಚರ್ಚಿನ ಒಳಕೋಣೆಯಲ್ಲಿದೆ. ಕಾವಲಿನ ಮುದುಕರೊಬ್ಬರು ಪೂಜೆ ಮುಗಿಯುವವರೆಗೆ ನಮ್ಮನ್ನು ಕಾಯಿಸಿ, ಬಳಿಕ ಬೀಗ ತೆಗೆದರು. ಯಾವ ದೇಶವೆಂದು ಕೇಳಿದರು. ಇಂಡಿಯಾ ಎಂದಾಗ ಗೋಡೆಯ ಕಡೆ ಕೈ ತೋರಿಸಿ, ‘ಕೊಮೊ ಎಯ್ಯಾ’, ಅವಳಂತೆಯೇ, ಎಂದರು. ಬರಲು ಮನಸ್ಸಿದ್ದ ನಾವು ಬಂದಿದ್ದೆವು, ಅವಳನ್ನು ತಂದಿದ್ದರು. ಅಲ್ಲಿ ನಿಂತಾಗ ಆ ವ್ಯತ್ಯಾಸವನ್ನು ಬಿಟ್ಟು ಬೇರೇನೂ ನನಗೆ ತೋಚಲಿಲ್ಲ.

ಐದನೆಯ ದಿನ ಬಸ್ಸಿಗೆ ಹೊರಡುವ ಮುನ್ನ ನನ್ನ ಹೆಂಡತಿ ಮಾರುಕಟ್ಟೆಯಲ್ಲಿ ಬಿಳಿಯ ಹೂವು ಕೊಂಡಳು. ಒಳಕೋಣೆಗೆ ಬೀಗ ಹಾಕಿತ್ತು, ಮುದುಕರೂ ಇರಲಿಲ್ಲ. ಹೂವನ್ನು ಆ ಬಾಗಿಲ ಬುಡದಲ್ಲಿಟ್ಟು ನಿಲ್ದಾಣದ ಕಡೆಗೆ ನಡೆದೆವು.